‘ಕೊಯಮತ್ತೂರಿನ ನೀಲಿ ಬೆಟ್ಟಗಳು’: ಹತ್ತೊಂಬತ್ತನೆಯ ಶತಮಾನದ ಭೂದೃಶ್ಯ ಮತ್ತು ಎಣ್ಣೆಬಣ್ಣ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಇಂಗ್ಲಿಷ್ ಪುಸ್ತಕಗಳಲ್ಲಿ ನೀಲಗಿರಿಗೆ ಒಂದು ಅಡ್ಡಹೆಸರು ಮತ್ತೆ ಮತ್ತೆ ಕಾಣುತ್ತದೆ: ‘ಕೊಯಮತ್ತೂರಿನ ನೀಲಿ ಬೆಟ್ಟಗಳು’. ಜೇಮ್ಸ್ ಹಫ್ 1829ರಲ್ಲಿ ಪ್ರಕಟಿಸಿದ ಪತ್ರಗಳ ಸಂಕಲನದಲ್ಲಿ, ಹೆನ್ರಿ ಹಾರ್ಕ್‌ನೆಸ್ 1832ರಲ್ಲಿ ಬೆಟ್ಟದ ತೋಡ ಬುಡಕಟ್ಟಿನ ಬಗ್ಗೆ ಬರೆದ ಗ್ರಂಥದಲ್ಲಿ, ಎರಡರಲ್ಲೂ ಈ ಹೆಸರು ಶೀರ್ಷಿಕೆಯಲ್ಲೇ ಇದೆ. ಅದು ಬರಿಯ ಅಲಂಕಾರವಾಗಿರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ ಮೈಸೂರಿನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಕೊಯಮತ್ತೂರು ಸೀಮೆಯಲ್ಲಿ ಈ ಬೆಟ್ಟಸಾಲೂ ಸೇರಿತ್ತು. ನಡುವೆ ಕೆಲಕಾಲ ಅದರ ಒಂದು ಭಾಗ ಮಲಬಾರಿಗೆ ಹೋಗಿ ಬಂದದ್ದನ್ನು ಬಿಟ್ಟರೆ, 1868ರಲ್ಲಿ ಪ್ರತ್ಯೇಕ ಆಡಳಿತ ಬರುವವರೆಗೆ ಊಟಿಯ ಕಂದಾಯದ ಲೆಕ್ಕ ಕೊಯಮತ್ತೂರಿನ ಕಲೆಕ್ಟರರ ಕಚೇರಿಯಲ್ಲೇ ನಡೆಯುತ್ತಿತ್ತು. ಆದ್ದರಿಂದ ಆ ಕಾಲದ ನೀಲಗಿರಿ ಚಿತ್ರಗಳ ಕಥೆ ಮೂಲತಃ ಕೊಯಮತ್ತೂರು ಜಿಲ್ಲೆಯ ಕಥೆ.

ಆ ನೀಲಿಗೆ ಕಾರಣ ನೆಲದ ರಚನೆಯಲ್ಲಿದೆ. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಬಯಲು. ಅದರ ವಾಯವ್ಯಕ್ಕೆ ನೀಲಗಿರಿ. ಅಲ್ಲಿನ ತುದಿ 2,637 ಮೀಟರ್ ಎತ್ತರದ ದೊಡ್ಡಬೆಟ್ಟ. ಆ ಹೆಸರು ಕನ್ನಡಿಗರಿಗೆ ಅರ್ಥ ಹೇಳಿಸಿಕೊಳ್ಳದೆ ತಿಳಿಯುತ್ತದೆ; ಬೆಟ್ಟದ ನಿವಾಸಿಗಳಾದ ಬಡಗರ ನುಡಿ ಕನ್ನಡಕ್ಕೆ ಅಷ್ಟು ಹತ್ತಿರ. ದಕ್ಷಿಣಕ್ಕೆ, ಪೊಳ್ಳಾಚಿ ಮತ್ತು ಉಡುಮಲೈಪೇಟೆಯ ಹಿಂದೆ, ಆನೆಮಲೆ. ಎರಡರ ನಡುವೆ ಪಶ್ಚಿಮಘಟ್ಟ ಸುಮಾರು 30 ಕಿಲೋಮೀಟರ್ ಅಗಲಕ್ಕೆ ಒಡೆದು ಪಾಲಕ್ಕಾಡಿನ ಕಣಿವೆಯಾಗಿದೆ. ಮುಂಗಾರಿನ ಗಾಳಿ ಈ ಬಾಗಿಲಿನಿಂದ ನುಗ್ಗುತ್ತದೆ, ಮೋಡಗಳು ಬೆಟ್ಟದ ನೆತ್ತಿಗೆ ಕಟ್ಟಿಕೊಳ್ಳುತ್ತವೆ, ಆದರೆ ಬಯಲಿಗೆ ಬೀಳುವ ಮಳೆ ಅಲ್ಪ. ವೆಳ್ಳಿಯಂಗಿರಿಯಲ್ಲಿ ಹುಟ್ಟುವ ನೊಯ್ಯಲ್ ಹೊಳೆ ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ ಕಾವೇರಿ ಸೇರುವ ಹೊತ್ತಿಗೆ ಅದರ ಎರಡೂ ದಡಗಳಲ್ಲಿ ಇರುವುದು ಒಣನೆಲ. ಹೀಗೆ ಬಿಸಿಲಿನ ಬಯಲಿನಲ್ಲಿ ನಿಂತು, ಹತ್ತಾರು ಮೈಲಿ ಗಾಳಿಯ ಆಚೆಗೆ, ಮೋಡ ಹೊತ್ತ ಬೆಟ್ಟವನ್ನು ನೋಡುವುದು ಇಲ್ಲಿನ ದಿನನಿತ್ಯದ ನೋಟ. ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ, ದೂರದ ಕಪ್ಪು ಕಾಡು ನೀಲಿಯಾಗಿ ಕಾಣುತ್ತದೆ. ಮುಂದಿರುವುದು ಬಿಸಿ ಬಣ್ಣ, ಹಿಂದಿರುವುದು ತಂಪು ಬಣ್ಣ: ಯುರೋಪಿನ ಭೂದೃಶ್ಯ ಚಿತ್ರಕಾರರು ಎರಡು ಶತಮಾನ ಕಲಿತು ಕಟ್ಟಿದ ಸೂತ್ರವನ್ನು ಈ ಪ್ರದೇಶ ತಾನಾಗಿಯೇ ಹಾಸಿಟ್ಟಿತ್ತು.

ಈ ಕಡೆಗೆ ಮೊದಲು ಚಿತ್ರಕಾರರನ್ನು ತಂದದ್ದು ಯುದ್ಧ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಜನರಲ್ ಮೆಡೋಸ್ 1790ರಲ್ಲಿ ಕೊಯಮತ್ತೂರನ್ನು ಹಿಡಿದ. ಮರುವರ್ಷ ದೀರ್ಘ ಮುತ್ತಿಗೆಯ ನಂತರ ಮೈಸೂರಿನ ಸೇನೆ ಅದನ್ನು ಮರಳಿ ಪಡೆಯಿತು. ಆದರೆ ಕುಂಚ ಹಿಡಿದವರು ಗವರ್ನರ್ ಜನರಲ್ ಕಾರ್ನ್‌ವಾಲಿಸನ ದಂಡಿನ ಜೊತೆ ಬೆಂಗಳೂರು, ಶ್ರೀರಂಗಪಟ್ಟಣದ ದಾರಿ ಹಿಡಿದರು. ರಾಬರ್ಟ್ ಹೋಮ್ ಆ ದಂಡಿನ ಜೊತೆ ನಡೆದು, ಮೈಸೂರು ಸೀಮೆಯ ದೃಶ್ಯಗಳ ಸಂಪುಟವನ್ನು 1794ರಲ್ಲಿ ಪ್ರಕಟಿಸಿದ. ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಮೊದಲಾದ ಅಧಿಕಾರಿಗಳೂ ಅದೇ ಹೊತ್ತಿಗೆ ತಮ್ಮ ಸಂಪುಟಗಳನ್ನು ತಂದರು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1792ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಬೆಂಗಳೂರು, ಹೊಸೂರು, ರಾಯಕೋಟೆ, ಸಂಕಗಿರಿಗಳ ಮೂಲಕ ತೆಂಕಣ ತುದಿಯವರೆಗೆ ಹೋದರು. ಯುದ್ಧ ಮುಗಿದು ತಿಂಗಳಾಗಿತ್ತಷ್ಟೆ. ಇಂಗ್ಲೆಂಡಿನ ಜನ ಪತ್ರಿಕೆಗಳಲ್ಲಿ ಓದಿದ ದುರ್ಗಗಳನ್ನು ಕಣ್ಣಿಂದ ನೋಡಬಯಸುತ್ತಿದ್ದರು. ಬಂಡೆಯ ಮೇಲೆ ಕೋಟೆ, ಕೆಳಗೆ ಕಾಡು, ಮೇಲೆ ಮಿಂಚಿನ ಆಕಾಶ ಎಂಬ ಮಾದರಿ ಆ ಬಯಕೆಯಿಂದ ಹುಟ್ಟಿತು.

ಡೇನಿಯಲ್‌ರ ಕೆಲಸದ ಕ್ರಮ ಮುಂದಿನ ಎಂಬತ್ತು ವರ್ಷ ಬಹುಮಟ್ಟಿಗೆ ಉಳಿಯಿತು. ಸ್ಥಳದಲ್ಲಿ, ನೋಟವನ್ನು ಕಾಗದದ ಮೇಲೆ ಬೀಳಿಸುವ ಕ್ಯಾಮೆರಾ ಅಬ್‌ಸ್ಕ್ಯೂರಾದ ನೆರವಿನಿಂದ ಪೆನ್ಸಿಲ್ ರೇಖೆ, ಅದರ ಮೇಲೆ ತೆಳ್ಳನೆಯ ನೀರುಬಣ್ಣ. ಊರಿಗೆ ಮರಳಿದ ಮೇಲೆ ಅದೇ ರೇಖೆಗಳಿಂದ ಅಕ್ವಾಟಿಂಟ್ ಮುದ್ರಣ, ಮತ್ತು ಶ್ರೀಮಂತರ ಗೋಡೆಗಾಗಿ ಎಣ್ಣೆಬಣ್ಣದ ದೊಡ್ಡ ಕ್ಯಾನ್ವಾಸ್. 1795ರಿಂದ 1808ರವರೆಗೆ ಹೊರಬಂದ ಅವರ ‘ಓರಿಯಂಟಲ್ ಸೀನರಿ’ಯಲ್ಲಿ 144 ಚಿತ್ರಗಳಿದ್ದವು. ಥಾಮಸ್ ಭಾರತಕ್ಕೆ ಮತ್ತೆ ಕಾಲಿಡಲಿಲ್ಲ, ಆದರೂ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳುದ್ದಕ್ಕೂ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತದ ಎಣ್ಣೆಚಿತ್ರಗಳನ್ನು ಪ್ರದರ್ಶಿಸುತ್ತಲೇ ಇದ್ದ. ಇದನ್ನು ಚೆನ್ನಾಗಿ ಗಮನಿಸಬೇಕು. ಎಣ್ಣೆಚಿತ್ರದಲ್ಲಿ ಕಾಣುವ ಸಂಜೆಯ ಬಂಗಾರವಾಗಲಿ, ಬೆಟ್ಟದ ಮೌನವಾಗಲಿ ಸ್ಥಳದಲ್ಲಿ ಹಿಡಿದದ್ದಲ್ಲ. ಸ್ಥಳದ್ದು ರೇಖೆ ಮಾತ್ರ. ಭಾವ ಲಂಡನ್ನಿನ ಕೋಣೆಯಲ್ಲಿ, ವರ್ಷಗಳ ಮೇಲೆ, ಪದರ ಪದರವಾಗಿ ಬಂದದ್ದು.

ಆ ಪದರಗಳ ಗುಟ್ಟು ಎಣ್ಣೆಯಲ್ಲಿದೆ. ಕೊಯಮತ್ತೂರಿನ ಮನೆಗಳಲ್ಲಿ ದೀಪಕ್ಕೆ ಹಾಕುತ್ತಿದ್ದ ಹರಳೆಣ್ಣೆ ಎಷ್ಟು ದಿನ ಇಟ್ಟರೂ ಒಣಗದು. ಅಗಸೆ ಎಣ್ಣೆ ಒಣಗುತ್ತದೆ. ನೀರಿನಂತೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿ ಪೊರೆಯಾಗುತ್ತದೆ. ಇದಕ್ಕೆ ದಿನಗಳು ಬೇಕು, ದಪ್ಪ ಲೇಪಕ್ಕೆ ವಾರಗಳು ಬೇಕು. ಆ ನಿಧಾನವೇ ಚಿತ್ರಕಾರನಿಗೆ ವರ. ಹಸಿ ಬಣ್ಣದ ಅಂಚನ್ನು ಒಣ ಕುಂಚದಿಂದ ಸವರಿ ಬೆಟ್ಟವನ್ನು ಆಕಾಶದೊಳಗೆ ಕರಗಿಸಬಹುದು. ಒಣಗಿದ ಮೇಲೆ ಅದರ ಮೇಲೊಂದು ಪಾರದರ್ಶಕ ಲೇಪ ಎಳೆಯಬಹುದು. ಇದಕ್ಕೆ ಗ್ಲೇಜ್ ಎನ್ನುತ್ತಾರೆ. ಬೆಳಕು ಈ ಪಾರದರ್ಶಕ ಪದರವನ್ನು ಹೊಕ್ಕು, ಕೆಳಗಿನ ತಿಳಿಬಣ್ಣಕ್ಕೆ ತಾಗಿ, ಮತ್ತೆ ಹೊರಬರುತ್ತದೆ; ಆದ್ದರಿಂದ ಬಣ್ಣ ಮೇಲೆ ಹಚ್ಚಿದಂತಿರದೆ ಒಳಗಿಂದ ಉರಿದಂತೆ ಕಾಣುತ್ತದೆ. ಸಂಜೆಯ ಆಕಾಶಕ್ಕೆ ಇದಕ್ಕಿಂತ ತಕ್ಕ ಉಪಾಯವಿಲ್ಲ. ಅದಕ್ಕೆ ಪ್ರತಿಯಾದದ್ದು ಸ್ಕಂಬಲ್: ಗಾಢ ಬಣ್ಣ ಒಣಗಿದ ಮೇಲೆ ಬಿಳುಪು ಬೆರೆತ ಅಪಾರದರ್ಶಕ ಬಣ್ಣವನ್ನು ತೀರ ತೆಳುವಾಗಿ ಉಜ್ಜುವುದು. ಕೆಳಗಿನ ಕಪ್ಪು ಅದರ ಮೂಲಕ ಇಣುಕಿ ನೀಲಿಮಿಶ್ರಿತ ಬೂದಿಯಾಗುತ್ತದೆ. ಮಂಜು, ಹೊಗೆ, ದೂರದ ಬೆಟ್ಟ, ಮೂರಕ್ಕೂ ಇದೇ ದಾರಿ. ಪ್ರಕೃತಿಯಲ್ಲಿ ದೂರದ ಕಾಡು ನೀಲಿಯಾಗುವುದು ಹೇಗೋ ಕ್ಯಾನ್ವಾಸಿನ ಮೇಲೂ ಸುಮಾರಾಗಿ ಹಾಗೆಯೇ ಆಗುತ್ತದೆ: ಕಪ್ಪಿನ ಮುಂದೆ ಮಸುಕಾದ ಒಂದು ತೆರೆ. ಎಣ್ಣೆಬಣ್ಣದ ಇತಿಹಾಸದಲ್ಲಿ ಇಷ್ಟು ಚೆಲುವಾದ ಹೊಂದಿಕೆ ಮತ್ತೊಂದಿಲ್ಲ.

ಕಟ್ಟುವ ಕ್ರಮಕ್ಕೂ ನಿಯಮವಿತ್ತು. ಕ್ಯಾನ್ವಾಸಿಗೆ ಮೊದಲು ಬೆಚ್ಚನೆಯ ಕಂದು ತಳ. ಆಮೇಲೆ ಆಕಾಶ ಮತ್ತು ದೂರ, ತೆಳುವಾಗಿ. ಮುಂಭಾಗಕ್ಕೆ ಬಂದಂತೆ ಬಣ್ಣ ದಪ್ಪವಾಗುತ್ತದೆ, ಎಣ್ಣೆಯ ಪಾಲೂ ಏರುತ್ತದೆ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಕಡಿಮೆಯಾದರೆ ಅದು ಬೇಗ ಒಣಗಿ, ಕೆಳಗಿನದು ಒಣಗುವಾಗ ಬಿರುಕು ಬಿಡುತ್ತದೆ. ಮುಂಭಾಗದ ನೆರಳಿಗಾಗಿ ಹಲವರು ಬಿಟುಮೆನ್ ಬಳಸಿದರು. ಬಳಿದಾಗ ಅದರ ಕಂದು ಜೇನಿನಂತೆ ಹೊಳೆಯುತ್ತದೆ, ಆದರೆ ಅದು ಪೂರ್ತಿಯಾಗಿ ಒಣಗುವುದೇ ಇಲ್ಲ. ಆ ಕಾಲದ ಅನೇಕ ಚಿತ್ರಗಳ ಮುಂಭಾಗ ಇಂದು ಮೊಸಳೆಯ ಚರ್ಮದಂತೆ ಒಡೆದಿರುವುದಕ್ಕೆ ಕಾರಣ ಇದು. ಸಂಯೋಜನೆ ಹದಿನೇಳನೆಯ ಶತಮಾನದ ಕ್ಲೋದ್ ಲೊರೇನನಿಂದ ಬಂದದ್ದು: ಒಂದು ಬದಿಗೆ ಗಾಢವಾದ ಮರ, ನಡುವೆ ನೀರು, ಕೊನೆಗೆ ಹೊಳೆಯುವ ದೂರ. ವಿಲಿಯಂ ಗಿಲ್ಪಿನ್ 1792ರ ಪ್ರಬಂಧಗಳಲ್ಲಿ ಇದನ್ನು ‘ಚಿತ್ರಯೋಗ್ಯ’ ನೋಟದ ಶಾಸ್ತ್ರವನ್ನಾಗಿ ಮಾಡಿದ್ದ. ಭಾರತಕ್ಕೆ ಬಂದ ಅಧಿಕಾರಿಗಳು ಈ ಶಾಸ್ತ್ರವನ್ನು ಕಲಿತೇ ಹಡಗು ಹತ್ತುತ್ತಿದ್ದರು; ಕಂಪನಿ 1809ರಲ್ಲಿ ಆರಂಭಿಸಿದ ಅಡಿಸ್ಕೂಂಬಿನ ಸೈನಿಕ ಶಾಲೆಯಲ್ಲಿ ಭೂದೃಶ್ಯ ಬರೆಯುವುದು ಪಾಠಪಟ್ಟಿಯ ಭಾಗವಾಗಿತ್ತು.

ಎಣ್ಣೆಚಿತ್ರದ ಹಿನ್ನೆಲೆಯಾಗಿ ಕನ್ನಡ ನಾಡಿನ ಒಂದು ನೋಟ ಬಂದ ಅಪರೂಪದ ಉದಾಹರಣೆ ಈ ಕಾಲದ್ದೇ. ಕಾಲಿನ್ ಮೆಕೆಂಜಿ ತರುಣ ಅಧಿಕಾರಿಯಾಗಿ 1783ರಲ್ಲಿ ಕೊಯಮತ್ತೂರು, ದಿಂಡುಗಲ್ ಸೀಮೆಗಳಲ್ಲಿ ದುಡಿದವನು, ಮುಂದೆ ಮೈಸೂರಿನ ಭೂಮಾಪನ ನಡೆಸಿದವನು. ಥಾಮಸ್ ಹಿಕಿ 1816ರಲ್ಲಿ ಮದರಾಸಿನಲ್ಲಿ ಅವನ ಭಾವಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆದ. ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರು, ಒಬ್ಬನ ಕೈಯಲ್ಲಿ ದೂರದರ್ಶಕ. ಹಿಂದೆ ದೂರದ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಅಲ್ಲಿ ಭೂದೃಶ್ಯ ಆ ಮನುಷ್ಯನ ಜೀವಿತದ ಕೆಲಸವನ್ನು ಹೇಳುವ ಸಾಕ್ಷಿಯಾಗಿದೆ.

ಬೆಟ್ಟದ ಮೇಲಿನ ಕಥೆ ಜಾನ್ ಸಲಿವನ್‌ನಿಂದ ಶುರುವಾಗುತ್ತದೆ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಅವನು 1819ರಲ್ಲಿ ನೀಲಗಿರಿ ಹತ್ತಿದ. ಊಟಿಯಲ್ಲಿ ಕಲ್ಲುಮನೆ ಕಟ್ಟಿಸಿದ, ಹಳ್ಳಕ್ಕೆ ಅಡ್ಡಗಟ್ಟಿ ಕೆರೆ ಮಾಡಿಸಿದ, ದಣಿದ ಸೈನಿಕರಿಗೆ ಇದು ಆರೋಗ್ಯಧಾಮವೆಂದು ಮದರಾಸು ಸರ್ಕಾರವನ್ನು ಒಪ್ಪಿಸಿದ. 1830ರ ದಶಕದ ಆರಂಭದಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಘಟ್ಟದ ರಸ್ತೆ ಆಯಿತು. ಹವಾಮಾನಕ್ಕಾಗಿ ಬಂದವರು ಬಿಡುವಿನಲ್ಲಿ ಚಿತ್ರ ಬರೆದರು. ಕ್ಯಾಪ್ಟನ್ ರಿಚರ್ಡ್ ಬ್ಯಾರನ್ 1835ರಲ್ಲಿ ಇಲ್ಲಿ ಕೆಲಕಾಲ ಉಳಿದು ಬರೆದ ದೃಶ್ಯಗಳನ್ನು ಲಂಡನ್ನಿನ ರಾಬರ್ಟ್ ಹ್ಯಾವೆಲ್ 1837ರಲ್ಲಿ ಪ್ರಕಟಿಸಿದ. ಆಡುಬನ್ನನ ಅಮೆರಿಕದ ಹಕ್ಕಿಗಳನ್ನು ತಾಮ್ರದ ಹಲಗೆಯ ಮೇಲೆ ಕೊರೆದ ಹ್ಯಾವೆಲ್ ಇವನೇ. ಅಕ್ವಾಟಿಂಟ್‌ನಲ್ಲಿ ತಾಮ್ರದ ಹಲಗೆಯ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಆಮ್ಲದಲ್ಲಿ ಅದ್ದುತ್ತಾರೆ. ರಾಳದ ಕಣಗಳ ನಡುವೆ ಆಮ್ಲ ಕಚ್ಚಿದಲ್ಲಿ ಮೃದುವಾದ ಛಾಯೆ ಮೂಡುತ್ತದೆ. ಮಂಜಿಗೆ ಹೇಳಿ ಮಾಡಿಸಿದ ವಿಧಾನವಿದು, ಎಣ್ಣೆಯ ಆಳ ಮಾತ್ರ ಇದಕ್ಕಿಲ್ಲ.

ಇಷ್ಟೆಲ್ಲ ಚಿತ್ರಗಳಲ್ಲಿ ಬೆಟ್ಟದ ಮೇಲೆಯೇ ಎಣ್ಣೆಬಣ್ಣದಲ್ಲಿ ಬರೆದದ್ದು ಏಕೆ ಅಷ್ಟು ವಿರಳ? ಕಾರಣ ಬಹಳ ಸರಳ. 1841ರವರೆಗೆ ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಬಣ್ಣ ಬೇಗ ಕೆಡುತ್ತಿತ್ತು, ಪಯಣದಲ್ಲಿ ಸಿಡಿಯುತ್ತಿತ್ತು. ಬಯಲಿನ ಧೂಳು ಹಸಿ ಬಣ್ಣಕ್ಕೆ ಅಂಟುತ್ತದೆ. ಬೆಟ್ಟದ ತೇವದಲ್ಲಿ ಬಣ್ಣ ಒಣಗುವುದು ನಿಧಾನ, ಕ್ಯಾನ್ವಾಸಿಗೆ ಬೂಷ್ಟು ಹಿಡಿಯುವುದು ಬೇಗ. ಎತ್ತಿನ ಬಂಡಿಯಲ್ಲಿ, ಹೊರೆಯಾಳಿನ ತಲೆಯ ಮೇಲೆ ಹಸಿ ಚಿತ್ರ ಸಾಗಿಸುವುದು ಆಗದ ಮಾತು. ಅಧಿಕಾರಿಯ ಚೀಲಕ್ಕೆ ನೀರುಬಣ್ಣದ ಪುಟ್ಟ ಪೆಟ್ಟಿಗೆಯೇ ಒಗ್ಗುತ್ತಿತ್ತು.

ಅಮೆರಿಕದ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಲೋಹದ ಕೊಳವೆಗೆ ಪೇಟೆಂಟ್ ಪಡೆದ ಮೇಲೆ ಈ ತೊಡಕು ಸಡಿಲವಾಯಿತು. ಬಣ್ಣದ ಪೆಟ್ಟಿಗೆಯ ಒಳಗೂ ರಸಾಯನಶಾಸ್ತ್ರ ಬಂದಿತ್ತು. ಫ್ರೆಂಚ್ ರಸಾಯನಜ್ಞ ಥೆನಾರ್ ಸಿದ್ಧಪಡಿಸಿದ ಕೋಬಾಲ್ಟ್ ನೀಲಿ ಶತಮಾನದ ಆದಿಯದು. ಅಫ್ಘಾನಿಸ್ತಾನದ ರಾಜಾವರ್ತ ಕಲ್ಲನ್ನು ಅರೆದು ಮಾಡುತ್ತಿದ್ದ ದುಬಾರಿ ಅಲ್ಟ್ರಾಮರೀನ್‌ಗೆ 1820ರ ದಶಕದ ಕೊನೆಯಲ್ಲಿ ಕೃತಕ ಬದಲಿ ಬಂತು. ಕ್ರೋಮ್ ಹಳದಿ, ಕ್ಯಾಡ್ಮಿಯಂ ಹಳದಿ, ವಿರಿಡಿಯನ್ ಹಸಿರು ಒಂದರ ಹಿಂದೊಂದು ಅಂಗಡಿಗೆ ಇಳಿದವು. ಅದುವರೆಗೆ ಕಂದಿನ ಕಡೆಗೆ ವಾಲುತ್ತಿದ್ದ ಭೂದೃಶ್ಯಕ್ಕೆ ನಿಜವಾದ ನೀಲಿ, ನಿಜವಾದ ಹಸಿರು ಸಿಕ್ಕವು. ಭಾವದ ಭಾರ ನಿಧಾನವಾಗಿ ನೆರಳಿನಿಂದ ಬಣ್ಣಕ್ಕೆ ಸರಿಯಿತು. ಅಷ್ಟರಲ್ಲೇ ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಮೋಡಗಳನ್ನೇ ಎಣ್ಣೆಬಣ್ಣದಲ್ಲಿ ಬರೆದು, ದಿನಾಂಕ, ಹೊತ್ತು, ಗಾಳಿಯ ದಿಕ್ಕುಗಳನ್ನು ಗುರುತಿಸಿಟ್ಟು, ಚಿತ್ರದ ಭಾವ ಆಕಾಶದಲ್ಲಿದೆ ಎಂದು ತೋರಿಸಿಕೊಟ್ಟಿದ್ದ. ಪಾಲಕ್ಕಾಡಿನ ಕಣಿವೆಯಿಂದ ಉರುಳಿ ಬರುವ ಮುಂಗಾರಿನ ಮೋಡಗಳನ್ನು ಅಂಥ ಕಣ್ಣಿನಿಂದ ಎಣ್ಣೆಯಲ್ಲಿ ಹಿಡಿದವರು ಆಗ ಬರಲಿಲ್ಲವೆಂಬುದು ನಿಜಕ್ಕೂ ದೊಡ್ಡ ಕೊರತೆ.

ಆನೆಮಲೆಯ ಚಿತ್ರಗಳ ಹಿಂದೆ ಇದ್ದದ್ದು ಮರ. ಅಲ್ಲಿನ ತೇಗ ಬೊಂಬಾಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. 1850ರ ದಶಕದಲ್ಲಿ ಆ ಕಾಡಿನ ಉಸ್ತುವಾರಿ ಹೊತ್ತ ಡಗ್ಲಸ್ ಹ್ಯಾಮಿಲ್ಟನ್ ಬೇಟೆಗಾರ, ಒಳ್ಳೆಯ ರೇಖಾಚಿತ್ರಕಾರ. ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ 1858ರಲ್ಲಿ ಆನೆಮಲೆಯ ಎತ್ತರದ ಸಾಲುಗಳಿಗೆ ಹೋದಾಗ ಹ್ಯಾಮಿಲ್ಟನ್ ಜೊತೆಗಿದ್ದು ದೃಶ್ಯಗಳನ್ನು ಬರೆದ. ಕ್ಲೆಗ್‌ಹಾರ್ನ್ ಅದಕ್ಕೂ ಮೊದಲು ಶಿವಮೊಗ್ಗದಲ್ಲಿ ವೈದ್ಯನಾಗಿದ್ದಾಗ ಸ್ಥಳೀಯ ಚಿತ್ರಕಾರನಿಂದ ಗಿಡಗಳ ಚಿತ್ರ ಬರೆಸುತ್ತಿದ್ದವನು. ಹ್ಯಾಮಿಲ್ಟನ್ನನ ರೇಖೆಗಳಲ್ಲಿ ಬೆಟ್ಟದ ಮೂಳೆ ಸ್ಪಷ್ಟವಾಗಿದೆ: ಏಣು ಎಲ್ಲಿ ತಿರುಗುತ್ತದೆ, ಶೋಲಾ ಕಾಡು ಎಲ್ಲಿ ನಿಂತು ಹುಲ್ಲು ಎಲ್ಲಿ ಆರಂಭವಾಗುತ್ತದೆ. ಭಾವಕ್ಕಿಂತ ಮಾಹಿತಿ ಅವನಿಗೆ ಮುಖ್ಯ.

1874ರಲ್ಲಿ ಈ ಬೆಟ್ಟಗಳಿಗೆ ಒಬ್ಬ ನಿಜವಾದ ಎಣ್ಣೆಬಣ್ಣದ ಭೂದೃಶ್ಯಕಾರ ಬಂದ. ಎಡ್ವರ್ಡ್ ಲಿಯರ್‌ಗೆ ಆಗ 62 ವರ್ಷ. ವೈಸ್‌ರಾಯ್ ಲಾರ್ಡ್ ನಾರ್ತ್‌ಬ್ರೂಕ್‌ನ ಆಹ್ವಾನದ ಮೇಲೆ ಹಿಂದಿನ ವರ್ಷ ಬೊಂಬಾಯಿಗೆ ಇಳಿದಿದ್ದ ಅವನು, ಸೇವಕ ಜೋರ್ಜಿಯೊ ಕೊಕಾಲಿಯೊಂದಿಗೆ ಹಿಮಾಲಯ ಸುತ್ತಿ, ಹೈದರಾಬಾದು, ಬೆಂಗಳೂರು, ಮದರಾಸುಗಳನ್ನು ನೋಡಿ, ಶರತ್ಕಾಲದಲ್ಲಿ ಊಟಿ, ಕೂನೂರುಗಳಿಗೆ ತಲುಪಿದ. ಅಲ್ಲಿಂದ ಮಲಬಾರಿನ ಕರಾವಳಿಗೆ ಇಳಿದ. ಪೋದನೂರಿನಿಂದ ಕೊಯಮತ್ತೂರಿನ ಮೇಲೆ ಮೆಟ್ಟುಪಾಳ್ಯಕ್ಕೆ ರೈಲು ಆಗಿದ್ದುದು 1873ರಲ್ಲಿ. ಬೆಟ್ಟದ ಬುಡದವರೆಗಿನ ದಣಿವು ಬಹಳ ಕಡಿಮೆಯಾಗಿತ್ತು.

ಲಿಯರ್ ಎಣ್ಣೆಬಣ್ಣದ ಹೊಸ ವಿಧಾನವನ್ನು ನಲವತ್ತನೆಯ ವಯಸ್ಸಿನಲ್ಲಿ, 1852ರಲ್ಲಿ, ತನಗಿಂತ ಹದಿನೈದು ವರ್ಷ ಚಿಕ್ಕವನಾದ, ಪ್ರಿ-ರಾಫೆಲೈಟ್ ಪಂಥದ ವಿಲಿಯಂ ಹೋಲ್ಮನ್ ಹಂಟ್‌ನಿಂದ ಕಲಿತಿದ್ದ. ಬಿಳಿ ತಳದ ಮೇಲೆ ಶುದ್ಧ ಬಣ್ಣ, ಪ್ರತಿ ಕಲ್ಲನ್ನೂ ಎಲೆಯನ್ನೂ ಅದರದೇ ಬಣ್ಣದಲ್ಲಿ ನೋಡುವುದು ಆ ಪಂಥದ ಶಿಸ್ತು. ಆದರೂ ಪಯಣದಲ್ಲಿ ಅವನದು ಹಳೆಯ ದಾರಿಯೇ: ಪೆನ್ಸಿಲ್ಲಿನಿಂದ ಬೇಗ ಗೆರೆ ಎಳೆದು, ಬಣ್ಣಗಳ ಹೆಸರನ್ನು ಚಿತ್ರದ ಮೇಲೆಯೇ ಬರೆದು, ದಿನಾಂಕ ಮತ್ತು ಹೊತ್ತು ನಮೂದಿಸುವುದು, ಆಮೇಲೆ ಶಾಯಿಯಿಂದ ಗೆರೆ ತಿದ್ದಿ ನೀರುಬಣ್ಣ ತುಂಬುವುದು. ಇಟಲಿಯ ಸಾನ್ ರೆಮೊಗೆ ಮರಳಿದ ಮೇಲೆ, 1877ರಿಂದ, ಡಾರ್ಜಿಲಿಂಗಿನಿಂದ ಕಂಡ ಕಾಂಚನಜುಂಗಾವನ್ನು ಮೂರು ದೊಡ್ಡ ಎಣ್ಣೆಚಿತ್ರಗಳಲ್ಲಿ ಬರೆದ, ಅವುಗಳಲ್ಲೊಂದು ನಾರ್ತ್‌ಬ್ರೂಕ್‌ಗಾಗಿ. ಮುಂದೆ ಜರೀಗಿಡಗಳ ಕತ್ತಲು, ನಡುವೆ ಮಂಜು ತುಂಬಿದ ಕಣಿವೆ, ಮೇಲೆ ಬಿಳಿ ಶಿಖರ. ನೀಲಗಿರಿಗೆ ಅವನಿಂದ ಅಂಥ ಎಣ್ಣೆಚಿತ್ರದ ಭಾಗ್ಯ ಬರಲಿಲ್ಲ. ಹಾರ್ವರ್ಡ್‌ನ ಹೌಟನ್ ಗ್ರಂಥಾಲಯದಲ್ಲಿರುವ ಅವನ ಭಾರತದ ರೇಖಾಚಿತ್ರಗಳಲ್ಲಿ ಈ ಭಾಗದ ಬೆಟ್ಟಗಳು ಉಳಿದಿವೆ. ಅದೇ 1874ರ ಏಪ್ರಿಲ್‌ನಲ್ಲಿ ಪ್ಯಾರಿಸಿನಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆಯಿತು. ಕೊಳವೆಯ ಬಣ್ಣ ಹಿಡಿದು ಬಯಲಿಗೆ ಹೋಗಿ, ಒಂದೇ ಕೂರಿಕೆಯಲ್ಲಿ ಚಿತ್ರ ಮುಗಿಸುವ ಕಾಲ ಅಲ್ಲಿ ಬಂದಾಗಿತ್ತು. ಭಾರತದಲ್ಲಿ ಆ ಧೈರ್ಯ ಮಾಡಿದವಳು ಮೇರಿಯಾನ್ ನಾರ್ತ್. 1877–79ರ ಪಯಣದಲ್ಲಿ ತಂಜಾವೂರು, ಮಧುರೆಗಳಿಂದ ಹಿಮಾಲಯದವರೆಗೆ, ಕಾಗದದ ಮೇಲೆ ನೇರವಾಗಿ ಎಣ್ಣೆಬಣ್ಣದಲ್ಲೇ ಬರೆದಳು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1882ರಲ್ಲಿ ತೆರೆದ ಅವಳ ಗ್ಯಾಲರಿಯ ಗೋಡೆಗಳನ್ನು ಇಂದು 800ಕ್ಕೂ ಹೆಚ್ಚು ಚಿತ್ರಗಳು ಮುಚ್ಚಿವೆ.

ಈ ಎಲ್ಲ ಚಿತ್ರಗಳಲ್ಲಿ ಕೊಯಮತ್ತೂರಿನ ಬಯಲು ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ 1800ರಲ್ಲಿ ಈ ಸೀಮೆಯನ್ನು ದಾಟುತ್ತ ಹತ್ತಿ, ಜೋಳ, ಬಾವಿ ನೀರಾವರಿ, ನೇಯ್ಗೆಗಳನ್ನು ಪುಟಗಟ್ಟಲೆ ಬರೆದಿಟ್ಟ. ಎತ್ತುಗಳು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದು ತೊಗಲಚೀಲದಿಂದ ನೀರೆತ್ತುವ ಕಪಿಲೆ ಬಾವಿ, ಕಪ್ಪು ಎರೆಭೂಮಿ, ಕೆಂಪು ನೆಲ, ಕನ್ನಡವಾಡುವ ದೇವಾಂಗರ ಮಗ್ಗದ ಬೀದಿ, ಇವೆಲ್ಲ ಇದ್ದದ್ದು ಆ ಬಯಲಿನಲ್ಲೇ. ಚಿತ್ರಕಾರನಿಗೆ ಇವು ಬೆಟ್ಟದ ಕಡೆ ಕಣ್ಣು ಜಾರಿಸುವ ಮುಂಭಾಗವಾದವು ಅಷ್ಟೆ. ಬೆಟ್ಟದ ಮೇಲೂ ಆಯ್ಕೆ ನಡೆಯಿತು: ಕೆರೆ, ಬಂಗಲೆ, ಇಂಗ್ಲೆಂಡಿನ ದಿಣ್ಣೆಗಳನ್ನು ನೆನಪಿಸುವ ಹುಲ್ಲುಗಾವಲು ಚಿತ್ರದ ನಡುವಿಗೆ ಬಂದವು, ತೋಡರು, ಬಡಗರು ಅಳತೆ ತೋರಿಸುವ ಚಿಕ್ಕ ಆಕೃತಿಗಳಾದರು. ತವರಿನ ಹಂಬಲ ಆ ಚಿತ್ರಗಳ ನಿಜವಾದ ಭಾವ. ಅದರಲ್ಲಿ ಪ್ರಾಮಾಣಿಕತೆ ಇದೆ, ಆದರೆ ಅದು ನೋಡಿದವರ ತವರು, ನೆಲದ ಮಕ್ಕಳದಲ್ಲ.

ಎಣ್ಣೆಬಣ್ಣ ದಕ್ಷಿಣದವರ ಕೈಗೆ ಬಂದದ್ದು ಅರಮನೆಗಳ ಮೂಲಕ, ಮುಖ್ಯವಾಗಿ ಭಾವಚಿತ್ರಕ್ಕಾಗಿ. ಡೆನ್ಮಾರ್ಕ್ ಮೂಲದ ಥಿಯೊಡೋರ್ ಜೆನ್ಸನ್ 1868ರಲ್ಲಿ ತಿರುವಾಂಕೂರಿಗೆ ಬಂದಾಗ ತರುಣ ರವಿವರ್ಮ ಅವನ ಕೆಲಸ ನೋಡಿ ಕಲಿತ. ಭೂದೃಶ್ಯಕ್ಕೆ ಮನಸ್ಸು ಕೊಟ್ಟವನು ಅವನ ತಮ್ಮ ಸಿ. ರಾಜರಾಜವರ್ಮ. 1860ರಲ್ಲಿ ಹುಟ್ಟಿದ ಅವನು ಅಣ್ಣನ ಜೊತೆ ದೇಶವೆಲ್ಲ ಸುತ್ತಿದ, ಅಣ್ಣನ ಪೌರಾಣಿಕ ಚಿತ್ರಗಳ ಹಿನ್ನೆಲೆಯ ಆಕಾಶ, ಕಾಡು, ನೀರುಗಳಿಗೆ ಕೈಯಿಟ್ಟ, ತನ್ನ ಹೆಸರಿನಲ್ಲಿ ಭೂದೃಶ್ಯಗಳನ್ನು ಬರೆದು ಪ್ರದರ್ಶನಗಳಿಗೆ ಕಳಿಸಿದ. 1885ರಲ್ಲಿ ಚಾಮರಾಜೇಂದ್ರ ಒಡೆಯರ್ ಕರೆಸಿಕೊಂಡಾಗಲೂ, 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕರೆಸಿಕೊಂಡಾಗಲೂ ಸೋದರರು ಮೈಸೂರಿನಲ್ಲಿ ಕೆಲಸ ಮಾಡಿದರು. ಆ ಕಾಲದ ಚಿತ್ರಗಳು ಜಗನ್ಮೋಹನ ಅರಮನೆಯಲ್ಲಿವೆ. ದೇವತೆಗಳ ಹಿಂದಿನ ಮಸುಕು ಬೆಟ್ಟ, ಒದ್ದೆ ಆಕಾಶಗಳನ್ನು ಅಲ್ಲಿ ನಿಧಾನವಾಗಿ ನೋಡಬಹುದು. ರಾಜರಾಜವರ್ಮ 1905ರ ಜನವರಿಯಲ್ಲಿ ತೀರಿಕೊಂಡ. ಅಷ್ಟರಲ್ಲಿ ಊಟಿಯಲ್ಲಿ ಎ. ಟಿ. ಡಬ್ಲ್ಯು. ಪೆನ್‌ನಂಥ ಛಾಯಾಗ್ರಾಹಕರು ದಶಕಗಳಿಂದ ಬೆಟ್ಟದ ನೋಟಗಳನ್ನು ಮಾರುತ್ತಿದ್ದರು, 1899ರಿಂದ ಮೆಟ್ಟುಪಾಳ್ಯದ ರೈಲು ಹಲ್ಲುಹಳಿಯ ಮೇಲೆ ಕೂನೂರಿಗೆ ಏರುತ್ತಿತ್ತು.

ನೀಲಗಿರಿಯ ಮಂಜಿಗೆ ಕನ್ನಡ ನಾಡಿನ ಚಿತ್ರಕಾರನೊಬ್ಬ ಜೀವ ಕೊಟ್ಟದ್ದು ಇದಾದ ಎರಡು ದಶಕಗಳ ಮೇಲೆ, ಅದೂ ಎಣ್ಣೆಬಣ್ಣವನ್ನು ಪಕ್ಕಕ್ಕಿಟ್ಟು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪನವರು 1920 ಮತ್ತು 30ರ ದಶಕಗಳಲ್ಲಿ ಊಟಿ, ಕೊಡೈಕಾನಲ್‌ಗಳ ದೃಶ್ಯಗಳನ್ನು ನೀರುಬಣ್ಣದಲ್ಲಿ ಬರೆದರು. ಎಣ್ಣೆಯಲ್ಲಿ ಗ್ಲೇಜ್ ಮತ್ತು ಸ್ಕಂಬಲ್ ಮಾಡುವ ಕೆಲಸವನ್ನು ಅಲ್ಲಿ ಕಾಗದದ ಬಿಳುಪು ಮತ್ತು ತಿಳಿಬಣ್ಣದ ಪದರಗಳು ಮಾಡುತ್ತವೆ. ಬೆಳದಿಂಗಳು, ಹನಿ ನಿಂತ ಬೆಳಗು, ಕೆರೆಯ ಮೇಲಿನ ಮೋಡ, ಇವುಗಳಲ್ಲಿ ಬಂಗಲೆಗಳ ಗದ್ದಲವಿಲ್ಲ. ಆ ಚಿತ್ರಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿವೆ.